ಗುಲ್ಮಾರ್ಗ್, ಔಲಿ, ಸೋಲಾಂಗ್: ಮನೆಮಂದಿ ಜೊತೆ ಸ್ಕೀ ರಜೆಗೆ ಯಾವುದು ಸರಿ?

ಹಿಮ ನೋಡಿ ಬರುವುದು ಬೇರೆ, ಸ್ಕೀ ಕಲಿತು ಬರುವುದು ಬೇರೆ. ಟೂರ್ ಪ್ಯಾಕೇಜಿನವರು ಎರಡನ್ನೂ ಸೇರಿಸಿ "ಸ್ನೋ ಆಕ್ಟಿವಿಟಿ" ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಆದರೆ ಅಜ್ಜಿ, ತಾತ, ಎಂಟು ವರ್ಷದ ಮಗು, ಚಳಿ ಅಂದರೆ ಆಗದ ಅಪ್ಪ, ಇವರೆಲ್ಲ ಸೇರಿ ನಾಲ್ಕೈದು ದಿನ ಬೆಟ್ಟದ ಮೇಲೆ ಉಳಿಯಬೇಕು ಅಂದಾಗ ಲೆಕ್ಕವೇ ಬೇರೆಯಾಗುತ್ತದೆ. ಇಲ್ಲಿ ಹೋಲಿಸುತ್ತಿರುವುದು ಮೂರು ಜಾಗ: ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದಲ್ಲಿ ಮನಾಲಿ ಪಕ್ಕದ ಸೋಲಾಂಗ್. ಶಿಮ್ಲಾ ಪಕ್ಕದ ಕುಫ್ರಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ಹಿಮಕ್ಕಿಂತ ಕುದುರೆ ಲದ್ದಿ ಜಾಸ್ತಿ. ನಾರ್ಕಂಡದ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ.

ನಾನು ಮೊದಲು ನೋಡುವುದು ಹೋಟೆಲಿನ ಸ್ಟಾರ್ ಅಲ್ಲ, ಬಾಲ್ಕನಿ ಫೋಟೋನೂ ಅಲ್ಲ. ರೂಮಿನ ಬಾಗಿಲಿನಿಂದ ಹಿಮದ ಇಳಿಜಾರಿಗೆ ಎಷ್ಟು ದೂರ, ಅಷ್ಟೇ. ಮಗುವಿಗೆ ಥರ್ಮಲ್, ಸ್ವೆಟರ್, ಜಾಕೆಟ್, ಗ್ಲೌಸ್, ಬೂಟು ಎಲ್ಲ ಹಾಕಿ ಮುಗಿಸಿ ಹೊರಗೆ ಕರೆದುಕೊಂಡು ಹೋದ ಮೇಲೆ ಅದು "ಅಮ್ಮಾ, ಒಂದಕ್ಕೆ" ಅನ್ನುತ್ತದೆ. ರೂಮು ಹತ್ತಿರವಿದ್ದರೆ ಇದು ಹದಿನೈದು ನಿಮಿಷದ ಕೆಲಸ. ಟ್ಯಾಕ್ಸಿ ಹಿಡಿದು ಹೋಗಬೇಕಾದಷ್ಟು ದೂರವಿದ್ದರೆ ಅವತ್ತಿನ ಸ್ಕೀಯಿಂಗ್ ಅಲ್ಲಿಗೆ ಮುಗಿಯಿತು. ತಾತನಿಗೂ ಅಷ್ಟೇ, ಅರ್ಧ ಗಂಟೆ ಹಿಮದಲ್ಲಿ ನಿಂತು ಸಾಕಾದಾಗ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಡದೆ ತಾವೊಬ್ಬರೇ ಹೋಗಿ ಕಂಬಳಿ ಹೊದ್ದು ಮಲಗುವ ಅನುಕೂಲ ಇರಬೇಕು.

ಗುಲ್ಮಾರ್ಗ್

ಈ ಲೆಕ್ಕದಲ್ಲಿ ಗುಲ್ಮಾರ್ಗ್ ಸುಲಭವಾಗಿ ಗೆಲ್ಲುತ್ತದೆ, ಆದರೆ ಒಂದು ಷರತ್ತು: ಗುಲ್ಮಾರ್ಗಿನಲ್ಲೇ ಉಳಿಯಬೇಕು. ಬಹಳ ಜನ ಶ್ರೀನಗರದಲ್ಲಿ ರೂಮು ಮಾಡಿ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುತ್ತಾರೆ. ನಕ್ಷೆಯಲ್ಲಿ 50 ಕಿಲೋಮೀಟರ್ ಆಸುಪಾಸು, ಏನು ಮಹಾ ಅನ್ನಿಸುತ್ತದೆ. ಆದರೆ ಹಿಮ ಬಿದ್ದಾಗ ಶ್ರೀನಗರದ ಗಾಡಿ ತಂಗ್‌ಮಾರ್ಗ್‌ವರೆಗೆ ಮಾತ್ರ. ಅಲ್ಲಿಂದ ಮೇಲಿನ 13 ಕಿಲೋಮೀಟರಿಗೆ ಟೈರಿಗೆ ಚೈನ್ ಕಟ್ಟಿದ ಇಲ್ಲವೇ ಫೋರ್ ಬೈ ಫೋರ್ ಇರುವ ಸ್ಥಳೀಯ ಗಾಡಿ ಹಿಡಿಯಬೇಕು. ಅಲ್ಲಿ ಚೌಕಾಸಿ, ಸಾಮಾನು ಇಳಿಸುವುದು, ಏರಿಸುವುದು, ಬಾಡಿಗೆ ಬೂಟು ತೊಗೊಳ್ಳಿ ಅಂತ ಹಿಂದೆ ಬೀಳುವವರು, ಇಷ್ಟೆಲ್ಲ ಆಗುವಷ್ಟರಲ್ಲಿ ಮಧ್ಯಾಹ್ನ. ಇದನ್ನು ಒಂದು ಸಲ ಹತ್ತಲು, ಒಂದು ಸಲ ಇಳಿಯಲು ಮಾಡಬಹುದು. ದಿನಾ ಮಾಡಲು ಆಗುವುದಿಲ್ಲ.

ಮೇಲೆ ಉಳಿದರೆ ಚಿತ್ರವೇ ಬೇರೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಬಟ್ಟಲಿನಂಥ ಹುಲ್ಲುಗಾವಲು, ಚಳಿಗಾಲದಲ್ಲಿ ಅಲ್ಲಿನ ಗಾಲ್ಫ್ ಮೈದಾನವೇ ಹಿಮದ ಅಂಗಳ. ಹೊಸಬರು ಕಲಿಯುವ ಸಣ್ಣ ಇಳಿಜಾರುಗಳು, ಎಳೆದುಕೊಂಡು ಹೋಗುವ ಚಿಕ್ಕ ಲಿಫ್ಟುಗಳು ಎಲ್ಲ ಅಲ್ಲೇ ಇವೆ. ಹಲವು ಹೋಟೆಲುಗಳಿಂದ ನಡೆದೇ ಹೋಗಬಹುದು. ದುಡ್ಡಿಗೆ ಯೋಚನೆ ಇಲ್ಲ ಅನ್ನುವವರಿಗೆ ಗೊಂಡೋಲಾ ಅನ್ನುವ ರೋಪ್‌ವೇ ಪಕ್ಕದಲ್ಲೇ ಖೈಬರ್ ಹೋಟೆಲ್ ಇದೆ. 1960ರ ದಶಕದಿಂದ ನಡೆಯುತ್ತಿರುವ ಹೈಲ್ಯಾಂಡ್ಸ್ ಪಾರ್ಕ್ ಹಳೇ ಕಾಲದ ಮರದ ಕಾಟೇಜುಗಳ ಜಾಗ, ಸರ್ಕಾರದ ಪ್ರವಾಸೋದ್ಯಮ ನಿಗಮದ ಹಟ್‌ಗಳೂ ಇವೆ. ಆ ಹಟ್‌ಗಳು ದೊಡ್ಡ ಕುಟುಂಬಕ್ಕೆ ಚೆನ್ನ, ಎಲ್ಲರೂ ಒಂದೇ ಸೂರಿನಡಿ ಇರಬಹುದು, ಆದರೆ ಬಿಸಿ ಮಾಡುವ ವ್ಯವಸ್ಥೆ ಹೇಗಿದೆ ಅಂತ ಕೇಳದೆ ಮುಂಗಡ ಕೊಡಬೇಡಿ.

ಗೊಂಡೋಲಾ ವಿಷಯಕ್ಕೆ ಬರೋಣ. ಮೊದಲ ಹಂತ ಕೊಂಗ್‌ದೂರಿಗೆ, ಸುಮಾರು 3,100 ಮೀಟರ್. ಎರಡನೇ ಹಂತ ಅಫರ್ವತ್ ಬೆಟ್ಟದ ಭುಜಕ್ಕೆ, ಹತ್ತಿರ ಹತ್ತಿರ 3,950 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಚಿಲ್ಲರೆ ಮೀಟರ್, ಅದರ ಎರಡರಷ್ಟು. ಎಲ್ಲರೂ ಎರಡನೇ ಹಂತಕ್ಕೆ ಹೋಗಲೇಬೇಕು ಅಂತ ಹಟ ಹಿಡಿಯುತ್ತಾರೆ, ಟಿಕೆಟ್ ಸಿಗದಿದ್ದರೆ ಟ್ರಿಪ್ಪೇ ಹಾಳಾಯಿತು ಅನ್ನುತ್ತಾರೆ. ನನ್ನ ಪ್ರಕಾರ ಚಿಕ್ಕ ಮಕ್ಕಳು, ಬಿಪಿ ಅಥವಾ ಹೃದಯದ ತೊಂದರೆ ಇರುವ ಹಿರಿಯರು ಇದ್ದರೆ ಮೊದಲ ಹಂತ ಧಾರಾಳ ಸಾಕು. ಮೇಲೆ ಗಾಳಿ ಚುಚ್ಚುತ್ತದೆ, ಉಸಿರು ಸಣ್ಣದಾಗುತ್ತದೆ, ತಲೆನೋವು ಶುರುವಾಗುತ್ತದೆ. ಸ್ಕೀ ಮಾಡಲು ಬಾರದವರಿಗೆ ಅಲ್ಲಿ ಫೋಟೋ ಬಿಟ್ಟರೆ ಬೇರೆ ಕೆಲಸವೂ ಇಲ್ಲ. ಹೋಗುವವರೂ ಬಂದ ದಿನವೇ ಹೋಗಬೇಡಿ, ಒಂದು ರಾತ್ರಿಯಾದರೂ ಗುಲ್ಮಾರ್ಗಿನಲ್ಲಿ ಮಲಗಿ ಆಮೇಲೆ ಹೋಗಿ. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆಯಬೇಕು. ಗಾಳಿ ಜೋರಾದರೆ ಮೇಲಿನ ಹಂತ ನಿಲ್ಲಿಸುತ್ತಾರೆ, ಅದಕ್ಕೇ ಇರುವ ದಿನಗಳಲ್ಲಿ ಮೊದಲನೆಯ ದಿನ ಬಿಟ್ಟು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗದ ದಿನಕ್ಕೆ ತೆಗೆಯಿರಿ. ರದ್ದಾದರೆ ಮರುದಿನ ಕೈಯಲ್ಲಿರುತ್ತದೆ.

ಇಲ್ಲಿನ ತಲೆನೋವು ಒಂದೇ, ಹಿಂದೆ ಬೀಳುವವರು. ಸ್ಲೆಡ್ಜ್ ಎಳೆಯುವವರು, ಕುದುರೆಯವರು, ಗೈಡುಗಳು. ಅವರ ವರ್ಷದ ಗಳಿಕೆ ಈ ಕೆಲವು ತಿಂಗಳಲ್ಲೇ ಆಗಬೇಕು, ಅದೂ ನಿಜ. ಒಬ್ಬ ಸ್ಕೀ ಇನ್‌ಸ್ಟ್ರಕ್ಟರನ್ನು ಹೋಟೆಲಿನ ಮೂಲಕ ಎರಡು ಮೂರು ದಿನಕ್ಕೆ ಗೊತ್ತುಮಾಡಿಕೊಂಡುಬಿಡಿ. ಅವನು ಜೊತೆಗಿದ್ದರೆ ಉಳಿದವರು ತಾವಾಗಿಯೇ ದೂರ ಇರುತ್ತಾರೆ.

ಪ್ರಿಪೇಯ್ಡ್ ಸಿಮ್ ಹೊರಗಿನಿಂದ ತಂದದ್ದು ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮನೆಯಲ್ಲಿ ಇಬ್ಬರ ಹತ್ತಿರವಾದರೂ ಇರಲಿ.

ಇನ್ನೊಂದು ವಿಷಯ ಹೇಳದೆ ಕಾಶ್ಮೀರದ ಬಗ್ಗೆ ಬರೆಯಲಾಗದು. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿ ನಡೆದ ದಾಳಿಯಲ್ಲಿ 26 ಜನ ಸತ್ತರು, ಕುಟುಂಬದ ಜೊತೆ ರಜೆಗೆ ಹೋಗಿದ್ದ ನಮ್ಮ ಕರ್ನಾಟಕದವರೂ ಅದರಲ್ಲಿದ್ದರು. ಆಮೇಲೆ ಹಲವು ಪ್ರವಾಸಿ ಜಾಗಗಳನ್ನು ಮುಚ್ಚಿ ಹಂತ ಹಂತವಾಗಿ ತೆರೆದರು. ಗುಲ್ಮಾರ್ಗಿನಲ್ಲಿ ಸೇನೆಯ ದೊಡ್ಡ ತರಬೇತಿ ಶಾಲೆಯೇ ಇದೆ, ಕಾವಲು ಬಿಗಿಯಾಗಿರುತ್ತದೆ. ಆದರೂ ಮನೆಯಲ್ಲಿ ಯಾರಾದರೂ "ನನಗೆ ಧೈರ್ಯ ಇಲ್ಲ" ಅಂದರೆ ಅವರ ಜೊತೆ ವಾದ ಮಾಡಬೇಡಿ. ಹೆದರಿಕೊಂಡು ಹೋದ ರಜೆ ರಜೆಯಲ್ಲ, ಬೇರೆ ಎರಡು ಜಾಗ ಇದ್ದೇ ಇವೆ.

ಔಲಿ

ನೋಟಕ್ಕೆ ಔಲಿಗೆ ಸಾಟಿ ಇಲ್ಲ. 7,816 ಮೀಟರಿನ ನಂದಾದೇವಿ ಎದುರಿಗೇ ನಿಂತಿರುತ್ತದೆ, ಬೆಳಗಿನ ಬಿಸಿಲು ಮೊದಲು ಅದರ ನೆತ್ತಿಗೆ ಬಿದ್ದು ನಿಧಾನವಾಗಿ ಕೆಳಗಿಳಿಯುವುದನ್ನು ಹಾಸಿಗೆಯಲ್ಲೇ ಕೂತು ನೋಡಬಹುದಾದ ರೂಮುಗಳಿವೆ. ಜನಜಂಗುಳಿ ಗುಲ್ಮಾರ್ಗಿಗಿಂತ ಕಮ್ಮಿ. ಸಸ್ಯಾಹಾರಿಗಳಿಗೆ ಊಟದ ಚಿಂತೆಯೂ ಇಲ್ಲ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ಇಲ್ಲೇ ನಡೆದದ್ದು, ಹಾಗಾಗಿ ಇಳಿಜಾರು ನಿಜವಾದ ಸ್ಕೀ ಇಳಿಜಾರು, ಸುಮ್ನೆ ಹಿಮ ಬಿದ್ದ ಗುಡ್ಡ ಅಲ್ಲ.

ತೊಂದರೆ ಇರುವುದು ದಾರಿಯಲ್ಲಿ. ಹತ್ತಿರದ ವಿಮಾನ ನಿಲ್ದಾಣ ಡೆಹ್ರಾಡೂನಿನ ಜಾಲಿ ಗ್ರಾಂಟ್. ಋಷಿಕೇಶದಿಂದ ಔಲಿಯ ಕೆಳಗಿನ ಊರಾದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್, ಪೂರ್ತಿ ಘಟ್ಟದ ರಸ್ತೆ, ಒಂದು ಇಡೀ ಹಗಲು ಬೇಕು. ದಾರಿಯಲ್ಲಿ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ಸಿಗುತ್ತವೆ ಅಂತ ದೊಡ್ಡವರಿಗೆ ಖುಷಿ. ಮಕ್ಕಳಿಗೆ ಅದು ತಿರುವಿನ ಮೇಲೆ ತಿರುವು, ವಾಂತಿ ಕವರ್. ರುದ್ರಪ್ರಯಾಗ ಅಥವಾ ಕರ್ಣಪ್ರಯಾಗದ ಹತ್ತಿರ ಒಂದು ರಾತ್ರಿ ಉಳಿದು ಹೋಗುವುದೇ ವಾಸಿ. ಅಂದರೆ ಹೋಗಲು ಎರಡು ದಿನ, ಬರಲು ಎರಡು ದಿನ. ಐದು ದಿನದ ರಜೆಯಲ್ಲಿ ಸ್ಕೀಗೆ ಉಳಿಯುವುದು ಒಂದೇ ದಿನ, ಲೆಕ್ಕ ಹಾಕಿಕೊಳ್ಳಿ. ವಾರಕ್ಕಿಂತ ಕಮ್ಮಿ ರಜೆ ಇರುವವರಿಗೆ ಔಲಿ ಬೇಡ ಅಂತಲೇ ಹೇಳುತ್ತೇನೆ.

ಜೋಶಿಮಠದಿಂದ ಔಲಿಗೆ ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಇದೆ ಅಂತ ಹಳೆಯ ಪ್ರವಾಸ ಬರಹಗಳೆಲ್ಲ ಹೊಗಳುತ್ತವೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ನೂರಾರು ಮನೆಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಿದರು. ಅದನ್ನು ನಂಬಿಕೊಂಡು ಕೆಳಗೆ ಜೋಶಿಮಠದಲ್ಲಿ ರೂಮು ಮಾಡಬೇಡಿ. ರಸ್ತೆಯಲ್ಲಿ ಹೋಗಬೇಕು, ಮೇಲಿನ ತಿರುವುಗಳಲ್ಲಿ ಬೆಳಿಗ್ಗೆ ಹೊತ್ತು ಗಾಜಿನಂಥ ಮಂಜುಗಡ್ಡೆ ಕಟ್ಟಿರುತ್ತದೆ. ಮೇಲೆ ಔಲಿಯಲ್ಲೇ ಉಳಿಯಿರಿ. ಗಡವಾಲ್ ಮಂಡಲ ವಿಕಾಸ ನಿಗಮದ ಸ್ಕೀ ರೆಸಾರ್ಟ್ ಇಳಿಜಾರಿನ ಬುಡದಲ್ಲೇ ಇದೆ, ಚೇರ್‌ಲಿಫ್ಟ್ ಪಕ್ಕ. ಸರ್ಕಾರಿ ಅತಿಥಿಗೃಹದ ಗುಣ ಅವಗುಣ ಎರಡೂ ಇವೆ: ಜಾಗ ಅದ್ಭುತ, ಸೇವೆ ನಿಧಾನ. ಬಿಸಿನೀರು ಬಕೆಟ್ಟಿನಲ್ಲಿ ಬಂದರೂ ಬೇಜಾರು ಮಾಡಿಕೊಳ್ಳದವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಇದೇ ನಿಗಮ 7 ದಿನ, 14 ದಿನದ ಸ್ಕೀ ಕೋರ್ಸು ನಡೆಸುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನು ಕೋರ್ಸಿಗೆ ಸೇರಿಸಿ, ದೊಡ್ಡವರು ಜೋಶಿಮಠದ ನರಸಿಂಹ ದೇವಸ್ಥಾನ, ಜ್ಯೋತಿರ್ಮಠ ನೋಡಿಕೊಂಡು ಬರಬಹುದು. ಶೃಂಗೇರಿಯ ಹಾಗೆಯೇ ಇದೂ ಶಂಕರಾಚಾರ್ಯರ ನಾಲ್ಕು ಮಠಗಳಲ್ಲಿ ಒಂದು. ಚಳಿಗಾಲದಲ್ಲಿ ಬದರಿನಾಥನ ಪೂಜೆ ನಡೆಯುವುದೂ ನರಸಿಂಹ ದೇವಸ್ಥಾನದಲ್ಲೇ. ನಮ್ಮ ಕಡೆಯ ಹಿರಿಯರಿಗೆ ಸ್ಕೀ ಟ್ರಿಪ್ಪನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹಿಮದ ಗ್ಯಾರಂಟಿ ಮಾತ್ರ ಇಲ್ಲಿ ಕಮ್ಮಿ. ಕೃತಕ ಹಿಮ ಮಾಡಲು ಮೇಲೊಂದು ಕೆರೆಯನ್ನೇ ಕಟ್ಟಿದ್ದಾರೆ, ಆದರೂ ಹಿಮ ಸಾಲದೆ ಸ್ಪರ್ಧೆಗಳನ್ನು ರದ್ದು ಮಾಡಿದ ವರ್ಷಗಳಿವೆ.

ಸೋಲಾಂಗ್

ಸೋಲಾಂಗಿನಲ್ಲಿ ಸ್ಕೀ ಮಾಡುತ್ತೇವೆ ಅಂದರೆ ಸಾಮಾನ್ಯವಾಗಿ ಆಗುವುದು ಇಷ್ಟು: ಒಬ್ಬ ಹುಡುಗ ನಿಮ್ಮ ಕಾಲಿಗೆ ಸ್ಕೀ ಕಟ್ಟಿ, ಕೈ ಹಿಡಿದುಕೊಂಡು ಐವತ್ತು ಅಡಿ ಜಾರಿಸಿ, ಫೋಟೋ ತೆಗೆದು, ಅರ್ಧ ಗಂಟೆಯಲ್ಲಿ ಸ್ಕೀ ವಾಪಸ್ ತೊಗೊಳ್ಳುತ್ತಾನೆ. ಅದೂ ಒಂದು ಖುಷಿಯೇ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಕಲಿಕೆ ಅಂತ ಹೆಸರಿಡಬೇಡಿ. ನಿಜವಾಗಿ ಕಲಿಯಬೇಕಾದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ ಕೋರ್ಸಿಗೆ ಸೇರಬೇಕು, ಅದು ಕುಟುಂಬದ ರಜೆಯಲ್ಲ, ಶಿಸ್ತಿನ ಶಿಬಿರ.

ಹಾಗಾದರೆ ಯಾರಿಗೆ ಇದು? ಮನೆಯಲ್ಲಿ ಅರ್ಧ ಜನಕ್ಕೆ ಸ್ಕೀ ಬೇಡವಾದರೆ. ಮನಾಲಿ ಪೂರ್ತಿ ಊರು. ಆಸ್ಪತ್ರೆ, ಮೆಡಿಕಲ್ ಶಾಪು, ಮಾಲ್ ರೋಡು, ಹಿಡಿಂಬೆಯ ಗುಡಿ, ವಶಿಷ್ಠದ ಬಿಸಿನೀರಿನ ಬುಗ್ಗೆ, ದಕ್ಷಿಣದ ತಿಂಡಿ ಸಿಗುವ ಹೋಟೆಲು, ಎಲ್ಲ ಇವೆ. ಹಿಮದಲ್ಲಿ ಆಸಕ್ತಿ ಮುಗಿದ ಮೇಲೂ ಮಾಡಲು ಕೆಲಸ ಇರುತ್ತದೆ. ಗುಲ್ಮಾರ್ಗ್, ಔಲಿಯಲ್ಲಿ ಸಂಜೆ ಐದರ ಮೇಲೆ ರೂಮಿನಲ್ಲಿ ಕೂತು ಇಸ್ಪೀಟ್ ಆಡುವುದು ಬಿಟ್ಟರೆ ಹೆಚ್ಚೇನೂ ಇಲ್ಲ.

ಮನಾಲಿಯಿಂದ ಸೋಲಾಂಗ್ 13-14 ಕಿಲೋಮೀಟರ್. ಉಳಿಯುವುದು ಎಲ್ಲಿ ಅನ್ನುವುದಕ್ಕೆ ಇಲ್ಲಿ ನನ್ನ ಉತ್ತರ ಉಲ್ಟಾ: ಸೋಲಾಂಗಿನಲ್ಲಿ ಬೇಡ, ಹಳೇ ಮನಾಲಿ ಅಥವಾ ವಶಿಷ್ಠ ಕಡೆ ಉಳಿಯಿರಿ. ಸೋಲಾಂಗಿನಲ್ಲಿ ಇರುವ ಇಳಿಜಾರೇ ಚಿಕ್ಕದು, ಹಗಲಿಗೆ ಜಾತ್ರೆ, ರಾತ್ರಿಗೆ ಬಿಕೋ. ದಾರಿಯುದ್ದಕ್ಕೂ ನಂಬರ್ ಹಾಕಿದ ಬಾಡಿಗೆ ಬಟ್ಟೆ ಅಂಗಡಿಗಳಿವೆ. ನಿಮ್ಮ ಡ್ರೈವರ್ ಒಂದು ನಂಬರಿನ ಅಂಗಡಿ ಮುಂದೆಯೇ ನಿಲ್ಲಿಸುತ್ತಾನೆ, ಯಾಕೆ ಅಂತ ಕೇಳಬೇಕಿಲ್ಲ ಅಲ್ವಾ? ಒಳಗಿನ ಬಟ್ಟೆ ಒದ್ದೆ ಇದ್ದರೆ ಬೇರೆ ಕೊಡಿ ಅನ್ನಿ, ನಾಚಿಕೆ ಬೇಡ.

ಸೋಲಾಂಗಿನಲ್ಲಿ ಹಿಮ ಇಲ್ಲದಿದ್ದರೆ ಎಲ್ಲರೂ ಅಟಲ್ ಸುರಂಗ ದಾಟಿ ಸಿಸ್ಸುಗೆ ಹೋಗುತ್ತಾರೆ. 2020ರಲ್ಲಿ ತೆರೆದ ಈ ಸುರಂಗ 9 ಕಿಲೋಮೀಟರ್, ಆ ಕಡೆ ಹೊರಬಂದರೆ ಬೇರೆಯೇ ಲೋಕ. ಆದರೆ ಜೋರು ಹಿಮ ಬಿದ್ದ ದಿನ ಪ್ರವಾಸಿಗರನ್ನು ಬಿಡುವುದಿಲ್ಲ. ಜನವರಿ ಕೊನೆಯಿಂದ ಫೆಬ್ರವರಿವರೆಗೆ ದೇವರ ಕಾರ್ಯಕ್ಕಾಗಿ ಸಿಸ್ಸು ಪಂಚಾಯಿತಿಯವರೇ ಪ್ರವಾಸ ಬಂದ್ ಮಾಡುವುದೂ ಉಂಟು. ಆ ಸಮಯಕ್ಕೆ ಹೋಗುವವರು ಮೊದಲೇ ವಿಚಾರಿಸಿ.

ರೂಮು ಹಿಡಿಯುವಾಗ

ಮೂರೂ ಕಡೆ ಹೋಟೆಲಿನವರಿಗೆ ಫೋನ್ ಮಾಡಿ ಕೇಳಬೇಕಾದ್ದು ಬಿಸಿಯ ಬಗ್ಗೆ. "ಹೀಟರ್ ಇದೆಯಾ" ಅಂದರೆ ಎಲ್ಲರೂ ಇದೆ ಅನ್ನುತ್ತಾರೆ. ಕೇಳುವ ರೀತಿ ಬೇರೆ: ಇಡೀ ಕಟ್ಟಡಕ್ಕೆ ಪೈಪಿನಲ್ಲಿ ಬಿಸಿ ಬರುತ್ತದಾ, ರೂಮಿಗೊಂದು ಬ್ಲೋವರ್ ಕೊಡುತ್ತೀರಾ, ಬುಖಾರಿಯಾ? ಕರೆಂಟ್ ಹೋದರೆ ಜನರೇಟರಿನಲ್ಲಿ ಹೀಟರ್ ಓಡುತ್ತದಾ ಅಥವಾ ಬರೀ ಲೈಟಾ? ಹೀಟರಿಗೆ ಬೇರೆ ದುಡ್ಡಾ? ರಾತ್ರಿ ಎಷ್ಟು ಗಂಟೆಗೆ ಆಫ್ ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ ಆ ಕಡೆ ಒಂದು ಕ್ಷಣ ಮೌನ ಇದ್ದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ. ಉತ್ತರಗಳನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಹಾಸಿಗೆಯಡಿ ಹಾಕುವ ವಿದ್ಯುತ್ ಕಂಬಳಿ ಇದ್ದರೆ ಹಿರಿಯರಿಗೆ ಅದೇ ಸ್ವರ್ಗ.

ಬುಖಾರಿ ಅಂದರೆ ಕಟ್ಟಿಗೆಯ ಒಲೆ, ಹೊಗೆ ಹೊರಹೋಗಲು ಕೊಳವೆ ಇರುತ್ತದೆ. ರೂಮು ಬೇಗ ಕಾಯುತ್ತದೆ, ಆರಿದ ಮೇಲೆ ಅಷ್ಟೇ ಬೇಗ ತಣ್ಣಗಾಗುತ್ತದೆ. ಮಲಗುವಾಗ ಉರಿಯಲು ಬಿಡಬೇಡಿ, ಕಿಟಕಿ ಸ್ವಲ್ಪ ತೆರೆದಿರಲಿ. ಕೊಳವೆಯಿಲ್ಲದ ಇದ್ದಿಲಿನ ಅಗ್ಗಿಷ್ಟಿಕೆಯನ್ನಂತೂ ಮುಚ್ಚಿದ ರೂಮಿನೊಳಗೆ ಬಿಟ್ಟುಕೊಳ್ಳಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಪ್ರತಿ ಚಳಿಗಾಲ ಉತ್ತರದ ಕಡೆ ನಿದ್ದೆಯಲ್ಲೇ ಜನ ಹೋಗಿಬಿಡುವುದು ಇದರಿಂದಲೇ.

ನಲ್ಲಿಯಲ್ಲಿ ನೀರು ಬಾರದಿದ್ದರೆ ಹೋಟೆಲಿನವರ ಮೇಲೆ ಕೂಗಾಡಬೇಡಿ, ಪೈಪಿನಲ್ಲಿ ನೀರು ಗಟ್ಟಿಯಾಗಿರುತ್ತದೆ. ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಅಂತ ಅವರೇ ಹೇಳಿದರೆ ಹಾಗೇ ಬಿಡಿ.

ಅಡುಗೆಮನೆ ಇರುವ ಕಾಟೇಜ್ ಸಿಕ್ಕಿದರೆ ಅನ್ನದ ವಿಷಯ ನೆನಪಿರಲಿ. 2,650 ಮೀಟರಿನಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ಇಟ್ಟ ಬೇಳೆ ಬೇಯುವುದೇ ಇಲ್ಲ, ಕುಕ್ಕರ್ ಬೇಕು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗಟ್ಟಿ ಅವಲಕ್ಕಿ ಒಯ್ದರೆ ಮೂರನೇ ದಿನ ರಾಜ್ಮಾ ನೋಡಿ ಮುಖ ತಿರುಗಿಸುವ ತಾತ ನಿಮ್ಮನ್ನು ಹರಸುತ್ತಾರೆ.

ಬೂಟು

ಬಾಡಿಗೆ ಸ್ಕೀ ಸರಿ ಇಲ್ಲದಿದ್ದರೂ ನಡೆಯುತ್ತದೆ, ಬೂಟು ಸರಿ ಇಲ್ಲದಿದ್ದರೆ ನಡೆಯುವುದಿಲ್ಲ. ಅಂಗಡಿಯಲ್ಲಿ ಐದು ನಿಮಿಷ ಜಾಸ್ತಿ ನಿಲ್ಲಿ. ಅಳತೆ ಪಾದದ ಸೆಂಟಿಮೀಟರಿನಲ್ಲಿ ಇರುತ್ತದೆ, 24.5, 26.5 ಹೀಗೆ, ಬೆಂಗಳೂರಿನಲ್ಲೇ ಎಲ್ಲರ ಪಾದ ಅಳೆದು ಬರೆದುಕೊಂಡು ಹೋಗಿ. ಒಂದೇ ಜೊತೆ ಉದ್ದನೆ ಕಾಲುಚೀಲ. ಚಳಿ ಅಂತ ಎರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ತುದಿ ಬೂಟಿನೊಳಗೆ ಹೋಗಬಾರದು, ಅದರ ಒಂದು ಮಡಿಕೆ ಸಾಕು ಮೊಣಕಾಲ ಕೆಳಗೆ ಸಂಜೆಯೊಳಗೆ ಗಾಯ ಮಾಡಲು. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಬಕಲ್ ಹಾಕಿ, ಮೊಣಕಾಲು ಮುಂದಕ್ಕೆ ಬಗ್ಗಿಸಿ. ನೆಟ್ಟಗೆ ನಿಂತಾಗ ಬೆರಳು ತುದಿಗೆ ತಾಗಿ, ಬಗ್ಗಿದಾಗ ಹಿಂದೆ ಸರಿದರೆ ಅದು ನಿಮ್ಮ ಅಳತೆ. ತೂಕ ಕೇಳಿದರೆ ನಿಜ ಹೇಳಿ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳುವುದು ಆ ತೂಕ ನೋಡಿ ತಿರುಗಿಸಿದ ಸ್ಕ್ರೂ ಮೇಲೆ ನಿಂತಿದೆ, ಸಂಕೋಚಕ್ಕೆ ಹತ್ತು ಕೆಜಿ ಹೆಚ್ಚುಕಮ್ಮಿ ಹೇಳಿದರೆ ಮೊಣಕಾಲಿಗೆ ಬೀಳುತ್ತದೆ. ಜೀನ್ಸ್ ಬೇಡ. ಕಪ್ಪು ಕನ್ನಡಕ ಎಲ್ಲರಿಗೂ ಬೇಕು, ಮಗುವಿಗೂ.

ಯಾವಾಗ

ನಮ್ಮವರು ಕ್ರಿಸ್‌ಮಸ್ ರಜೆಗೇ ಹೊರಡುತ್ತಾರೆ. ಅದೇ ಎಲ್ಲಕ್ಕಿಂತ ದುಬಾರಿ ವಾರ, ಹಿಮ ಗಟ್ಟಿಯಾಗಿ ಕೂತಿರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಕಾಶ್ಮೀರದ ಚಿಲ್ಲೈ ಕಲಾನ್ ಅನ್ನುವ ನಲವತ್ತು ದಿನದ ಕಡು ಚಳಿ ಶುರುವಾಗುವುದೇ ಡಿಸೆಂಬರ್ 21ಕ್ಕೆ. 2024ರ ಜನವರಿಯಲ್ಲಂತೂ ಗುಲ್ಮಾರ್ಗ್ ಕಂದು ಹುಲ್ಲಾಗಿಯೇ ಇತ್ತು, ಹಿಮ ಬಂದದ್ದು ತಿಂಗಳ ಕೊನೆಗೆ. ಸ್ಕೂಲಿನವರು ಒಪ್ಪಿದರೆ ಜನವರಿ 26ರ ಆಸುಪಾಸು ಅಥವಾ ಫೆಬ್ರವರಿ ಮೊದಲ ಎರಡು ವಾರ ಹೋಗಿ. ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯಲ್ಲಿ ಇದು ಆಗದ ಮಾತು, ಗೊತ್ತು. ಅಂಥವರು ಡಿಸೆಂಬರಿನಲ್ಲೇ ಹೋಗಬೇಕಾದರೆ ಮನಾಲಿ ನೋಡಿ, ಹಿಮ ಕೈಕೊಟ್ಟರೂ ರಜೆ ಪೂರ್ತಿ ಕೈಕೊಡುವುದಿಲ್ಲ.

ವಾಪಸ್ ಬರುವ ದಿನ ಮತ್ತು ಆಫೀಸಿಗೆ ಹೋಗುವ ದಿನದ ನಡುವೆ ಒಂದು ದಿನ ಖಾಲಿ ಇಡಿ. ಹಿಮ ಬಿದ್ದರೆ ಶ್ರೀನಗರದ ವಿಮಾನ ನಿಲ್ಲುತ್ತದೆ. ಮನಾಲಿಗೆ ಹತ್ತಿರದ ಕುಲ್ಲು ಭುಂತರಿನ ಚಿಕ್ಕ ವಿಮಾನವಂತೂ ಮೋಡ ಕಂಡರೆ ಸಾಕು. 2025ರ ಜೂನ್‌ನಿಂದ ಕಟ್ರಾ ಶ್ರೀನಗರ ನಡುವೆ ವಂದೇ ಭಾರತ್ ರೈಲು ಓಡುತ್ತಿರುವುದರಿಂದ ಕಾಶ್ಮೀರದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇನ್ನೊಂದು ದಾರಿ ಆಗಿದೆ. ಪ್ರಯಾಣದ ವಿಮೆ ತೆಗೆಯುವಾಗ ಅದರಲ್ಲಿ ಸ್ಕೀಯಿಂಗ್ ಸೇರಿದೆಯಾ ನೋಡಿ, ಸಾಮಾನ್ಯವಾಗಿ ಸಾಹಸ ಕ್ರೀಡೆ ಅಂತ ಹೊರಗಿಟ್ಟಿರುತ್ತಾರೆ.

ನಾರ್ಕಂಡ ಅಂದೆನಲ್ಲ. ಶಿಮ್ಲಾದಿಂದ 60-65 ಕಿಲೋಮೀಟರ್, ಸುಮಾರು 2,700 ಮೀಟರ್. ಹಿಮಾಚಲ ಪ್ರವಾಸೋದ್ಯಮ ನಿಗಮದ ಹಾಟು ಹೋಟೆಲ್ ಅಲ್ಲೇ ಇದೆ, ಸೇಬಿನ ತೋಟಗಳ ನಡುವೆ ಶಾಂತವಾದ ಜಾಗ. ಇಳಿಜಾರು ಚಿಕ್ಕದು, ಲಿಫ್ಟ್ ನೆಚ್ಚಿಕೊಳ್ಳುವಂತಿಲ್ಲ, ಹಾಟು ಶಿಖರದ ರಸ್ತೆ ಚಳಿಗಾಲದಲ್ಲಿ ಹಿಮದಲ್ಲಿ ಮುಚ್ಚಿಹೋಗುತ್ತದೆ. ಹೇಗೂ ಶಿಮ್ಲಾಗೆ ಹೊರಟಿದ್ದೀರಿ ಅಂದರೆ ಎರಡು ರಾತ್ರಿ ಸೇರಿಸಿಕೊಳ್ಳಿ. ಬರೀ ಅದಕ್ಕೇ ಅಂತ ಬೆಂಗಳೂರಿನಿಂದ ಹೋಗಬೇಡಿ.